ಓದುಗರ ಪ್ರಶ್ನೆ: ದಾನಿ ಕಾರನ್ನು ಗುಜರಿಗೆ ಕಳಿಸುವ ಮುನ್ನ

ಪ್ರಶ್ನೆ: ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹನ್ನೊಂದು ವರ್ಷಗಳಿಂದ ನೆಲೆಸಿದ್ದೇನೆ. ನನ್ನಲ್ಲಿ 2000ನೇ ಇಸವಿಯ ಸುಬಾರು ಇಂಪ್ರೆಜಾ ಔಟ್‌ಬ್ಯಾಕ್ ಸ್ಪೋರ್ಟ್ ವ್ಯಾಗನ್ ಇದೆ. 2.2 ಲೀಟರಿನ ಎಂಜಿನ್, ಐದು ಗೇರಿನ ಮ್ಯಾನುಯಲ್. ಕಾರಿನ ಬಾಡಿಯಲ್ಲಿ ತುಕ್ಕಿಲ್ಲ, ಆದರೆ ಎಂಜಿನ್ ಸಾವಿರ ಮೈಲಿಗೊಮ್ಮೆ ಒಂದು ಲೀಟರಿನಷ್ಟು ಆಯಿಲ್ ಕುಡಿಯುತ್ತಿದೆ. ಹಿಂದಿನಿಂದ ಗುದ್ದಿಸಿಕೊಂಡ 2004ರ ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಒಂದು ಮಾರಾಟಕ್ಕಿದೆ. ಅದರ ಎಂಜಿನ್ ಮತ್ತು ಗೇರ್‌ಬಾಕ್ಸ್ ಮಾತ್ರ ಕೊಂಡರೆ ಖರ್ಚು ಕಡಿಮೆ. ಇಡೀ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದರೆ ಮನೆಯಲ್ಲಿ ಬೈಗುಳ ಖಚಿತ. ಯಾವುದು ಸರಿಯಾದ ದಾರಿ? ಕೆಲಸದಲ್ಲಿ ಎಲ್ಲಿ ಎಡವಬಹುದು?
— ಎಸ್. ಎನ್., ಬೋಥೆಲ್

ಉತ್ತರ: ಇಡೀ ಕಾರನ್ನೇ ಕೊಳ್ಳಿ. ಬೈಗುಳಕ್ಕೆ ಒಂದು ಕೊನೆಯಿದೆ, ಬಿಟ್ಟುಹೋದ ಒಂದು ಬ್ರಾಕೆಟ್ಟನ್ನೋ ಒಂದು ಕನೆಕ್ಟರನ್ನೋ ಊರೂರು ಹುಡುಕುವ ಕೆಲಸಕ್ಕೆ ಕೊನೆಯಿಲ್ಲ. ನಿಮ್ಮ ವ್ಯಾಗನ್ ತನ್ನ ಕಾಲ ಮೇಲೆ ತಾನು ರಸ್ತೆಗಿಳಿದು ಒಂದು ತಿಂಗಳು ಓಡುವವರೆಗೆ ದಾನಿ ಕಾರಿನ, ಅಂದರೆ ಎಂಜಿನ್ ಕೊಡುವ ಆ ಕಾರಿನ, ಒಂದು ತಿರುಪನ್ನೂ ಮಾರಬೇಡಿ.

ಮೊದಲು ಒಂದು ಪ್ರಾಮಾಣಿಕ ಮಾತು ಹೇಳಿಬಿಡುತ್ತೇನೆ. ನಿಮಗೆ ಬೇಕಿರುವುದು ವೇಗವಾಗಿ ಓಡುವ ವ್ಯಾಗನ್ ಮಾತ್ರವೇ ಆಗಿದ್ದರೆ, ಅಮೆರಿಕದಲ್ಲಿ 2002ರಿಂದ 2007ರ ಮಾದರಿಗಳವರೆಗೆ ಡಬ್ಲ್ಯುಆರ್‌ಎಕ್ಸ್ ವ್ಯಾಗನ್ನನ್ನೇ ಕಂಪನಿ ಮಾರಿದೆ. ಅಂಥದ್ದೊಂದನ್ನು ಕೊಂಡರೆ ಈ ಶ್ರಮದ ಅಗತ್ಯವೇ ಇಲ್ಲ. ಆದರೆ ತುಕ್ಕಿಲ್ಲದ ಹಳೆಯ ಬಾಡಿಯ ಮೇಲೆ ನಿಮಗಿರುವ ಮಮತೆ ನಿಮ್ಮ ಪತ್ರದಲ್ಲೇ ಕಾಣುತ್ತದೆ, ಮತ್ತು ಈ ಕಸಿಗೆ ನಿಮ್ಮ ಕಾರು ಹೇಳಿ ಮಾಡಿಸಿದಂತಿದೆ. 1990ರ ದಶಕದಲ್ಲಿ ಇದೇ ಆಕಾರದ ವ್ಯಾಗನ್ನನ್ನು ಸುಬಾರು ಕಂಪನಿ ಜಪಾನಿನಲ್ಲಿ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಎಂಜಿನ್ನಿನೊಂದಿಗೆ ತಾನೇ ಮಾರಿತ್ತು. ಕಾಲಿನ್ ಮೆಕ್‌ರೇ 1995ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದೂ ಈ ತಲೆಮಾರಿನ ಇಂಪ್ರೆಜಾದಲ್ಲೇ. ಅಮೆರಿಕದವರಿಗೆ ಮಾತ್ರ ಟರ್ಬೊ ಇಂಪ್ರೆಜಾ ಸಿಕ್ಕಿದ್ದು 2002ರ ಮಾದರಿಯಿಂದ, ಅಷ್ಟರಲ್ಲಿ ಹಳೆಯ ಬಾಡಿಯ ಕಾಲ ಮುಗಿದಿತ್ತು. ಆದ್ದರಿಂದ ನೀವು ಮಾಡಹೊರಟಿರುವುದು ವಿಚಿತ್ರವಾದ ಜೋಡಣೆಯೇನಲ್ಲ; ಒಂದು ದೇಶದಲ್ಲಿ ಕಾರ್ಖಾನೆಯಿಂದಲೇ ಹೊರಬಂದ ಕಾರನ್ನು ಇನ್ನೊಂದು ದೇಶದಲ್ಲಿ ಮನೆಯಲ್ಲಿ ಕಟ್ಟುವುದು, ಅಷ್ಟೇ.

ನಿಮ್ಮ ಎಂಜಿನ್ 142 ಅಶ್ವಶಕ್ತಿಯದು, ದಾನಿಯ 2 ಲೀಟರಿನ ಟರ್ಬೊ ಎಂಜಿನ್ 227 ಅಶ್ವಶಕ್ತಿಯದು. ಒಮ್ಮೆಗೇ ಅರುವತ್ತು ಶೇಕಡಾ ಹೆಚ್ಚಳ. ಇದಕ್ಕೂ ಮೇಲೆ ಹೋಗಲು ಮನಸ್ಸು ತುಡಿಯುತ್ತದೆ, ಈಗಲೇ ಬೇಡ. ಆ ವರ್ಷಗಳ ಐದು ಗೇರಿನ ಡಬ್ಬಿ ಮೂಲ ಶಕ್ತಿಯನ್ನು ಚೆನ್ನಾಗಿಯೇ ಹೊರುತ್ತದೆ, ಆದರೆ ಟರ್ಬೊ ಒತ್ತಡ ಏರಿಸಿ ನಿಂತಲ್ಲಿಂದ ಹಾರಿಸುವವರ ಕೈಯಲ್ಲಿ ಅದರ ಹಲ್ಲುಗಳು ಮುರಿಯುವುದು ಸುಬಾರು ಬಳಸುವವರಿಗೆಲ್ಲ ಗೊತ್ತಿರುವ ಸಂಗತಿ.

ಈಗ ಎಡವುವ ಜಾಗಗಳಿಗೆ ಬರೋಣ. ನನ್ನ ಪ್ರಕಾರ ಅತಿ ಮುಖ್ಯವಾದದ್ದು ಹಿಂದಿನ ಡಿಫರೆನ್ಷಿಯಲ್, ಅಂದರೆ ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗುಂಪು. ನಿಮ್ಮದು ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹೋಗುವ ಕಾರು. ಮುಂದಿನ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ, ಹಿಂದಿನದು ಬೇರೆಯಾಗಿ ಹಿಂದೆ ಇರುತ್ತದೆ. ಇವೆರಡರ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಒಳಹೋಗುವ ದಂಡ ಎಷ್ಟು ಸುತ್ತಬೇಕೆಂಬ ಲೆಕ್ಕ) ಒಂದಕ್ಕೊಂದು ಹೊಂದದಿದ್ದರೆ ಮುಂದಿನ ಚಕ್ರಗಳು ಒಂದು ವೇಗದಲ್ಲಿ, ಹಿಂದಿನವು ಇನ್ನೊಂದು ವೇಗದಲ್ಲಿ ಓಡಲು ಸದಾ ಜಗ್ಗಾಡುತ್ತಿರುತ್ತವೆ; ಆ ಜಗ್ಗಾಟವನ್ನೆಲ್ಲ ನಡುವಿನ ವಿಸ್ಕಸ್ ಕಪ್ಲಿಂಗ್ (ದಪ್ಪ ದ್ರವದ ಮೂಲಕ ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸುವ ಭಾಗ) ನುಂಗಿಕೊಂಡು, ಕಾದು, ಕೊನೆಗೆ ಕೆಟ್ಟುಹೋಗುತ್ತದೆ. ಇದನ್ನು ಬಲ್ಲ ಎಷ್ಟೋ ಜನ ದಾನಿ ಕಾರಿನ ವಿವರ ನೋಡಿ ಗಾಬರಿಯಾಗುತ್ತಾರೆ. 2002ರಿಂದ 2005ರ ಅಮೆರಿಕನ್ ಡಬ್ಲ್ಯುಆರ್‌ಎಕ್ಸ್ ಮ್ಯಾನುಯಲ್ ಕಾರಿನಲ್ಲಿ ಮುಂದಿನ ಅನುಪಾತ 3.90, ಹಿಂದಿನದು 3.545. ಮೇಲ್ನೋಟಕ್ಕೆ ಇವು ಹೊಂದುವುದಿಲ್ಲ. ಆದರೆ ಆ ಗೇರ್‌ಬಾಕ್ಸಿನ ಬಾಲದಲ್ಲಿ ಹಿಂದಕ್ಕೆ ಶಕ್ತಿ ಕಳಿಸುವ ಗೇರುಗಳ ಅನುಪಾತ 1.1ಕ್ಕೆ 1 ಇದೆ. 3.545ನ್ನು 1.1ರಿಂದ ಗುಣಿಸಿ ನೋಡಿ, 3.90ಕ್ಕೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಹೊಂದಿಕೆಯಿಲ್ಲ ಎಂದು ಭಾವಿಸಿ ಹಿಂದಕ್ಕೂ 3.90 ಹುಡುಕಿ ತಂದು ಹಾಕಿದವರು ಸರಿಯಿದ್ದುದನ್ನು ಕೈಯಾರೆ ಕೆಡಿಸಿಕೊಳ್ಳುತ್ತಾರೆ.

ಈ ಗೇರ್‌ಬಾಕ್ಸಿನ ಜೊತೆ ದಾನಿಯ ಹಿಂದಿನ ಡಿಫರೆನ್ಷಿಯಲ್ ಬರಲೇಬೇಕು, ನಿಮ್ಮದನ್ನು ಉಳಿಸಿಕೊಳ್ಳುವಂತಿಲ್ಲ. ಆದರೆ ದಾನಿಗೆ ಪೆಟ್ಟು ಬಿದ್ದಿರುವುದು ಹಿಂದೆಯೇ ಆದ್ದರಿಂದ ಅದರ ಕೇಸಿಂಗ್ ಬಿರುಕು ಬಿಟ್ಟಿದೆಯೇ, ಆಕ್ಸಲ್ ಬಾಗಿದೆಯೇ ಎಂದು ಕೊಳ್ಳುವ ಮುನ್ನವೇ ಕೆಳಗೆ ಮಲಗಿ ನೋಡಿ. ಕೆಟ್ಟಿದ್ದರೆ ಗುಜರಿಯಲ್ಲಿ ಬೇರೆ ಸಿಗುತ್ತದೆ. ಆಗ ಮಾರುವವನ ಮಾತನ್ನು ನಂಬದೆ ನೀವೇ ಎಣಿಸಿ. ಶಕ್ತಿ ಒಳಹೋಗುವ ಕಡೆಯ ಫ್ಲ್ಯಾಂಜಿನ (ಬಿಲ್ಲೆಯ) ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ, ಎರಡೂ ಬದಿಯ ಆಕ್ಸಲ್‌ಗಳನ್ನು ಒಟ್ಟಿಗೆ ಪೂರ್ತಿ ಹತ್ತು ಸುತ್ತು ತಿರುಗಿಸಿ. ಗೆರೆ ಮೂವತ್ತೈದೂವರೆ ಸುತ್ತಿನ ಹತ್ತಿರ ಬಂದರೆ ನಿಮಗೆ ಬೇಕಾದದ್ದೇ. ಮೂವತ್ತೊಂಬತ್ತು ಅಥವಾ ನಲವತ್ತೊಂದು ಬಂದರೆ ಅಲ್ಲೇ ಬಿಟ್ಟು ಬನ್ನಿ.

ಎರಡನೆಯದು ವೈರಿಂಗ್. ಎಂಜಿನ್ನನ್ನು ಇಳಿಸಿ ಕೂರಿಸುವುದು ಇಬ್ಬರು ಗೆಳೆಯರಿದ್ದರೆ ಒಂದು ವಾರಾಂತ್ಯದ ಕೆಲಸ. ಎರಡು ಕಾರುಗಳ ತಂತಿಗಳನ್ನು ಒಂದು ಮಾಡುವುದು ತಿಂಗಳುಗಟ್ಟಲೆ ತಾಳ್ಮೆ ಬೇಡುವ ಕೆಲಸ. ಎಂಜಿನ್ ಹಾರ್ನೆಸ್ (ತಂತಿಗಳ ಕಟ್ಟು), ಮುಂದಿನ ಪ್ರಯಾಣಿಕರ ಕಾಲಡಿಯ ಕಾರ್ಪೆಟ್ಟಿನ ಕೆಳಗಿರುವ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಅದರಿಂದ ಡ್ಯಾಶ್‌ಬೋರ್ಡಿನತ್ತ ಹೋಗುವ ತಂತಿಗಳು, ಇವನ್ನೆಲ್ಲ ಎಲ್ಲಿಯೂ ಕತ್ತರಿಸದೆ ಇಡಿಯಾಗಿ ಹೊರತೆಗೆಯಿರಿ. ಎರಡೂ ವರ್ಷಗಳ ಕಂಪನಿಯ ವೈರಿಂಗ್ ನಕ್ಷೆಗಳನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ತಂತಿಗೂ ಚೀಟಿ ಅಂಟಿಸಿ. ಬಣ್ಣವನ್ನು ನಂಬಿ ಜೋಡಿಸಬೇಡಿ, ಎರಡು ತಲೆಮಾರಿನ ಕಾರುಗಳಲ್ಲಿ ಒಂದೇ ಬಣ್ಣ ಬೇರೆ ಬೇರೆ ಕೆಲಸಕ್ಕೆ ಬಳಕೆಯಾಗಿರುತ್ತದೆ. ನಿಮ್ಮ ದಾನಿ 2004ರದ್ದಾಗಿರುವುದು ಒಂದು ಅನುಕೂಲ: ಅದರ ಥ್ರಾಟಲ್ ಇನ್ನೂ ಕೇಬಲ್ಲಿನದು. 2006ರಿಂದ ಅದು ಎಲೆಕ್ಟ್ರಾನಿಕ್ ಆಯಿತು, ಆಗ ಪೆಡಲನ್ನೂ ಜೊತೆಗೆ ಕಸಿ ಮಾಡಬೇಕಾಗುತ್ತಿತ್ತು.

ಇಲ್ಲಿ ನನ್ನದೇ ಒಂದು ಪಾಡು ಹೇಳಬೇಕು. ಗೆಳೆಯರೊಬ್ಬರ ಇಂಥದೇ ಕಾರಿಗೆ ಕೈಜೋಡಿಸಿದ್ದೆ. ಎಂಜಿನ್ ಕೂತ ಸಂಭ್ರಮದಲ್ಲಿ ದಾನಿಯ ಖಾಲಿ ಬಾಡಿಯನ್ನು ಗುಜರಿಯವರಿಗೆ ಒಪ್ಪಿಸಿಬಿಟ್ಟೆವು. ಆಮೇಲೆ ನೋಡಿದರೆ ಇಂಧನ ಪಂಪಿಗೆ ಕರೆಂಟೇ ಬರುತ್ತಿಲ್ಲ. ಡಬ್ಲ್ಯುಆರ್‌ಎಕ್ಸ್‌ನಲ್ಲಿ ಪಂಪಿನ ವೋಲ್ಟೇಜನ್ನು ಬೇಕಾದಂತೆ ಏರಿಳಿಸುವ ಒಂದು ಪ್ರತ್ಯೇಕ ನಿಯಂತ್ರಕ ಇರುತ್ತದೆ, ಅಂಗೈಯಗಲದ ಡಬ್ಬಿ, ಕಾರಿನ ಹಿಂಭಾಗದ ಒಳಪದರದ ಮರೆಯಲ್ಲಿ ಕೂತಿರುತ್ತದೆ. ಅದು ಬಾಡಿಯೊಂದಿಗೇ ಹೋಗಿತ್ತು. ಹೊಸ ಡಬ್ಬಿ ಸಿಕ್ಕಿತು, ಆದರೆ ಅದರ ಕನೆಕ್ಟರಿಗೆ ಒಂದು ಗೇಣು ತಂತಿಯೊಂದಿಗೆ ಸಿಗಬೇಕಿದ್ದ ತುಂಡಿಗಾಗಿ ಮೂರು ವಾರ ಕಾದೆವು. ನಿಮ್ಮ ದಾನಿಯ ಹಿಂಭಾಗವೇ ನುಜ್ಜಾಗಿರುವುದರಿಂದ ಆ ಡಬ್ಬಿ ಸುರಕ್ಷಿತವಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಪಂಪು ಕೂಡ ದಾನಿಯದೇ ಬೇಕು. ನಿಮ್ಮ ಹಳೆಯ ಪಂಪು ಟರ್ಬೊ ಎಂಜಿನ್ ಪೂರ್ಣ ಒತ್ತಡದಲ್ಲಿ ಕೇಳುವಷ್ಟು ಪೆಟ್ರೋಲು ತಳ್ಳಲಾರದು, ಪೆಟ್ರೋಲು ಸಾಲದೆ ಹೋದಾಗ ಪಿಸ್ಟನ್ನುಗಳೇ ಸುಟ್ಟುಹೋಗಬಹುದು.

ಎಂಜಿನ್ನನ್ನು ಹೊತ್ತ ಮುಂದಿನ ಕ್ರಾಸ್‌ಮೆಂಬರ್ (ಅಡ್ಡತೊಲೆ) ಟರ್ಬೊ ಮಾದರಿಯದೇ ಆಗಬೇಕು, ಏಕೆಂದರೆ ಟರ್ಬೊಗೆ ಹೊಗೆ ಒಯ್ಯುವ ಕೊಳವೆಗೆ ನಿಮ್ಮದರಲ್ಲಿ ಜಾಗವಿಲ್ಲ. ಆ ಕೊಳವೆಯೊಳಗೆ ಅಮೆರಿಕದ ಮಾದರಿಗಳಲ್ಲಿ ಹೊಗೆಯ ವಿಷ ತಗ್ಗಿಸುವ ಒಂದು ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಹಳೆಯದಾದಾಗ ಅದರ ಚೂರುಗಳು ಕಿತ್ತುಬಂದು ಟರ್ಬೊ ರೆಕ್ಕೆಗಳಿಗೆ ಬಡಿದ ಉದಾಹರಣೆಗಳಿವೆ, ಆದ್ದರಿಂದ ಕಳಚಿದಾಗ ಒಳಗೆ ಟಾರ್ಚು ಬಿಟ್ಟು ನೋಡಿ. ಟರ್ಬೊ ತಳ್ಳುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಂಜಿನ್ನಿನ ನೆತ್ತಿಯ ಮೇಲೆ ಕೂರುವುದರಿಂದ ಬಾನೆಟ್ಟಿನಲ್ಲಿ ಗಾಳಿಬಾಯಿ ಬೇಕು, ನಿಮ್ಮ ಬಾನೆಟ್ಟಿನಲ್ಲಿ ಅದಿಲ್ಲ. ಅದೇ ಕಾಲದ 2.5 ಆರ್‌ಎಸ್ ಮಾದರಿಯ ಬಾನೆಟ್ ನೇರವಾಗಿ ಕೂರುತ್ತದೆ ಮತ್ತು ಅದರಲ್ಲಿ ಗಾಳಿಬಾಯಿ ಇದೆ. ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ನೀರಿನ ಪಂಪು ಎಲ್ಲವನ್ನೂ ಬದಲಿಸಿ. ಕಂಪನಿ ಬೆಲ್ಟಿಗೆ 1,05,000 ಮೈಲಿ ಎನ್ನುತ್ತದೆ, ಆದರೆ ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ದಾನಿಯ ಹಿಂದಿನ ಮಾಲೀಕರು ಏನು ಮಾಡಿದ್ದರೋ ನಿಮಗೆ ತಿಳಿಯದು.

ಬ್ರೇಕುಗಳ ವಿಷಯದಲ್ಲಿ ದಾನಿಯ ಮುಂದಿನ ಎರಡು ಪಿಸ್ಟನ್ನಿನ ಕ್ಯಾಲಿಪರ್ ಮತ್ತು ಡಿಸ್ಕು ಸಾಕು. ಇದೇ ಕಾರಿನ ಇನ್ನೂ ಬಲಶಾಲಿಯಾದ ಎಸ್‌ಟಿಐ ಮಾದರಿಯ, ಬ್ರೆಂಬೊ ಕಂಪನಿಯ ಬ್ರೇಕು ಹಾಕುವ ಆಸೆ ಬರುತ್ತದೆ. ಅದಕ್ಕೆ ಹದಿನೇಳು ಇಂಚಿನ ಚಕ್ರ ಬೇಕು, 2005ರದ್ದು ಅಥವಾ ನಂತರದ್ದಾದರೆ ಚಕ್ರದ ಬೋಲ್ಟುಗಳ ಅಂತರವೂ 100 ಮಿಲಿಮೀಟರಿನಿಂದ 114.3ಕ್ಕೆ ಬದಲಾಗಿ ಹಬ್ಬುಗಳನ್ನೇ ಬದಲಿಸಬೇಕು. ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆಯೇ.

ಕೊನೆಯದಾಗಿ ಕಾಗದಪತ್ರ. ನಿಮ್ಮ ರಾಜ್ಯದಲ್ಲಿ 2020ರ ಜನವರಿಯಿಂದ ಹೊಗೆ ತಪಾಸಣೆ ನಿಂತಿದೆ. ಹಾಗೆಂದು ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆಯುವುದು ಫೆಡರಲ್ ಕಾನೂನಿನಲ್ಲಿ ತಪ್ಪೇ. ದಾನಿಯ ಖರೀದಿ ಪತ್ರವನ್ನು ಜೋಪಾನ ಮಾಡಿ, ವಿಮೆಯವರಿಗೆ ಬದಲಾವಣೆಯನ್ನು ಬರೆದು ತಿಳಿಸಿ.

ಪ್ರಶ್ನೆ: ಸ್ವೀಡನ್ನಿನಲ್ಲಿ ಎಂಜಿನಿಯರ್ ಆಗಿದ್ದೇನೆ. 1990ರ ವೋಲ್ವೊ 240 ವ್ಯಾಗನ್ ಕೊಂಡೆ. ಸಹೋದ್ಯೋಗಿಯೊಬ್ಬರ ಬಳಿ ನಿಂತುಹೋದ 940 ಟರ್ಬೊ ಇದೆ. ಅದರ ಟರ್ಬೊವನ್ನು ಮಾತ್ರ ಬಿಚ್ಚಿ ನನ್ನ ಎಂಜಿನ್ನಿಗೆ ಕಟ್ಟಬಹುದೇ?
— ಆರ್. ಪಿ., ಗೋಥೆನ್‌ಬರ್ಗ್

ಉತ್ತರ: ಕಟ್ಟಿದವರಿದ್ದಾರೆ, ನಾನು ಸಲಹೆ ಮಾಡುವುದಿಲ್ಲ. ನಿಮ್ಮ 2.3 ಲೀಟರಿನ ಎಂಜಿನ್ನಿನ ಸಂಪೀಡನ ಅನುಪಾತ (ಸಿಲಿಂಡರಿನೊಳಗೆ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಲೆಕ್ಕ) 9.8, ಟರ್ಬೊಗೆಂದೇ ಮಾಡಿದ ಅದರ ಅಣ್ಣನದು 8.7. ಹೆಚ್ಚು ಸಂಪೀಡನದ ಎಂಜಿನ್ನಿಗೆ ಟರ್ಬೊ ಗಾಳಿ ತುಂಬಿದರೆ ಸಿಲಿಂಡರಿನಲ್ಲಿ ಪೆಟ್ರೋಲು ಹೊತ್ತಬೇಕಾದ ಕ್ಷಣಕ್ಕೆ ಮುನ್ನವೇ ಸಿಡಿಯಲು ಆರಂಭಿಸುತ್ತದೆ. ಜೊತೆಗೆ ಟರ್ಬೊದಿಂದ ಆಯಿಲ್ ವಾಪಸ್ಸು ಬರಲು ನಿಮ್ಮ ಬ್ಲಾಕಿನಲ್ಲಿ ರಂಧ್ರ ಕೊರೆದು ಅದರೊಳಗೆ ತಿರುಪಿನ ಸುತ್ತು (ಥ್ರೆಡ್) ಮಾಡಬೇಕು. ಲೋಹದ ಪುಡಿ ಕೆಳಗಿನ ಆಯಿಲ್ ತೊಟ್ಟಿಯೊಳಗೆ ಬೀಳದಂತೆ ಮಾಡುವುದು ಹೇಳಿದಷ್ಟು ಸುಲಭವಲ್ಲ.

ಬದಲಿಗೆ ಎಂಜಿನ್ನನ್ನೇ ಇಡಿಯಾಗಿ ತನ್ನಿ. ಎರಡೂ ಕೆಂಪು ಬ್ಲಾಕ್ ಎಂದು ಕರೆಯಲಾಗುವ ಒಂದೇ ವಂಶದವು, ಮೇಲೆ ಹೇಳಿದ ಸುಬಾರುವಿನಂತೆ ತಂತಿಗಳ ಗೋಜಲಿಲ್ಲ. ನಿಮ್ಮ ಕಾರಿನಲ್ಲೂ ದಾನಿಯಲ್ಲೂ ಇರುವುದು ಬಾಷ್ ಕಂಪನಿಯ ಎಲ್‌ಎಚ್ 2.4 ಇಂಧನ ವ್ಯವಸ್ಥೆಯಾಗಿದ್ದರೆ, ದಾನಿಯ ಇಂಧನ ಮತ್ತು ಇಗ್ನಿಷನ್ ಕಂಪ್ಯೂಟರುಗಳು, ಇಂಜೆಕ್ಟರುಗಳು, ಗಾಳಿ ಅಳೆಯುವ ಸೆನ್ಸರ್ ಇವುಗಳನ್ನು ಒಂದು ಗುಂಪಾಗಿ ತಂದರೆ ಬಹುಪಾಲು ಕೆಲಸ ಮುಗಿಯಿತು. ಗುಂಪನ್ನು ಒಡೆಯಬೇಡಿ. ಟರ್ಬೊ ಇಂಜೆಕ್ಟರಿಗೆ ಹಳೆಯ ಕಂಪ್ಯೂಟರ್ ಸೇರಿಸಿದರೆ ಅದು ಪೆಟ್ರೋಲನ್ನು ಬೇಕಾಬಿಟ್ಟಿ ಸುರಿಯುತ್ತದೆ. ನಿಮ್ಮ ಅದೃಷ್ಟಕ್ಕೆ ಕಾರು 1990ರದು. 1980ರಿಂದ 1987ರವರೆಗಿನ ವೋಲ್ವೊಗಳ ಎಂಜಿನ್ ಹಾರ್ನೆಸ್ಸಿನ ಹೊದಿಕೆ ಒಣಗಿದ ಹಪ್ಪಳದಂತೆ ಪುಡಿಯಾಗುತ್ತದೆ. ಕೆಲಸ ಆರಂಭಿಸುವ ಮೊದಲೇ ಅಲ್ಲಿನ ನೋಂದಣಿ ತಪಾಸಣೆಯ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಬದಲಾದ ಕಾರನ್ನು ಆ ತಪಾಸಣೆಗೆ ಒಡ್ಡಬೇಕು.

ಪ್ರಶ್ನೆ: ನನ್ನಲ್ಲಿ ಸ್ಕೋಡಾ ಆಕ್ಟೇವಿಯಾ ಕಾಂಬಿ, 1.9 ಟಿಡಿಐ ಡೀಸೆಲ್ ಇದೆ. ಬೆಂಗಳೂರಿನಲ್ಲಿ ಅಪಘಾತವಾದ ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ ಪೆಟ್ರೋಲ್ ಒಂದು ಸಿಗುತ್ತಿದೆ. ಎರಡೂ ಒಂದೇ ಚಾಸಿ. ಗ್ಯಾರೇಜಿನವರು ಎಂಜಿನ್ ಬದಲಿಸಿಕೊಡುತ್ತೇವೆ, ಯಾರೂ ಕೇಳುವುದಿಲ್ಲ ಎನ್ನುತ್ತಾರೆ.
— ಓದುಗರು, ಶಿವಮೊಗ್ಗ

ಉತ್ತರ: ಯಂತ್ರದ ದೃಷ್ಟಿಯಿಂದ ನಿಮ್ಮ ಗ್ಯಾರೇಜಿನವರು ಹೇಳಿದ್ದು ಸುಳ್ಳಲ್ಲ. ಕಾನೂನಿನ ದೃಷ್ಟಿಯಿಂದ ಅದು ಅಪಾಯದ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಸೇರಿಸಲಾದ 182ಎ ಕಲಮಿನಲ್ಲಿ ಇಂಥ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ನಿಮ್ಮ ವಿಷಯದಲ್ಲಿ ಎಂಜಿನ್ ಸಂಖ್ಯೆ ಬದಲಾಗುತ್ತದೆ, 1896 ಸಿಸಿ ಇದ್ದದ್ದು 1781 ಆಗುತ್ತದೆ, ಡೀಸೆಲ್ ಹೋಗಿ ಪೆಟ್ರೋಲ್ ಬರುತ್ತದೆ. ಹದಿನೈದು ವರ್ಷ ದಾಟಿದ ಕಾರನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಒಯ್ದು ನೋಂದಣಿ ನವೀಕರಿಸಬೇಕು, ಅಲ್ಲಿ ನೋಡುವುದೇ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು. ಯಾರೂ ಕೇಳುವುದಿಲ್ಲ ಎಂದವರು ಆ ದಿನ ನಿಮ್ಮ ಪಕ್ಕ ನಿಂತಿರುವುದಿಲ್ಲ. ಅಪಘಾತವಾದರೆ ವಿಮೆಯವರು ಕೈ ತೊಳೆದುಕೊಳ್ಳಲು ಇದೊಂದು ಕಾರಣ ಸಾಕು.

ಎಂಜಿನ್ ನಿಜಕ್ಕೂ ಕೆಟ್ಟಿದ್ದರೆ, ಅದೇ 1.9 ಟಿಡಿಐ ಎಂಜಿನ್ನನ್ನು ಖರೀದಿ ರಸೀದಿಯೊಂದಿಗೆ ತಂದು, ಆರ್‌ಟಿಒ ಒಪ್ಪಿಗೆ ಪಡೆದು ಹೊಸ ಸಂಖ್ಯೆಯನ್ನು ನೋಂದಣಿ ಪತ್ರಕ್ಕೆ ಸೇರಿಸಿ. ಕೆಟ್ಟಿಲ್ಲ, ಎಳೆತ ಮಾತ್ರ ಕಡಿಮೆಯಾಗಿದೆ ಎಂದಾದರೆ ಮೊದಲು ಗಾಳಿ ಅಳೆಯುವ ಸೆನ್ಸರ್, ಟರ್ಬೊವಿನ ನಿರ್ವಾತ ಕೊಳವೆಗಳು ಮತ್ತು ಮಸಿ ಕಟ್ಟಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವುದು) ಇವನ್ನು ನೋಡಿಸಿ. ಈ ಎಂಜಿನ್ ಮಂಕಾಗುವುದಕ್ಕೆ ಹೆಚ್ಚಿನ ಸಲ ಇವೇ ಕಾರಣ. ಬೇರೆಯದನ್ನು ಕಸಿ ಮಾಡುವ ಯೋಚನೆ ಆಮೇಲೆ ತಾನಾಗಿ ಹೋಗಬಹುದು.

ಪ್ರಶ್ನೆ: ಮೊದಲ ಪ್ರಶ್ನೆಯವರು ಹೇಳಿದಂಥದೇ ಜೋಡಣೆಯನ್ನು, 1999ರ ಔಟ್‌ಬ್ಯಾಕ್ ಸ್ಪೋರ್ಟ್‌ಗೆ 2003ರ ಡಬ್ಲ್ಯುಆರ್‌ಎಕ್ಸ್ ಎಂಜಿನ್ ಹಾಕಿ, ಬಹುತೇಕ ಮುಗಿಸಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ಇದು ಪಾಸಾಗುತ್ತದೆಯೇ? ಈ ಶನಿವಾರ ಮೊದಲ ಬಾರಿ ಚಾಲೂ ಮಾಡಬೇಕೆಂದಿದ್ದೇನೆ, ಜಾಗ್ರತೆ ಏನು?
— ವಿ., ಫ್ರೀಮಾಂಟ್

ಉತ್ತರ: ಕ್ಯಾಲಿಫೋರ್ನಿಯಾದಲ್ಲಿ ಹಾಕುವ ಎಂಜಿನ್ ಕಾರಿನ ವರ್ಷದ್ದೇ ಅಥವಾ ಅದಕ್ಕಿಂತ ಹೊಸದಾಗಿರಬೇಕು ಮತ್ತು ಆ ಎಂಜಿನ್ನಿನೊಂದಿಗೆ ಬಂದ ಹೊಗೆ ನಿಯಂತ್ರಣದ ಸಾಮಗ್ರಿಗಳೆಲ್ಲ ಅದರ ಜೊತೆಗೇ ಇರಬೇಕು. ವರ್ಷದ ಲೆಕ್ಕದಲ್ಲಿ ನೀವು ಸರಿ. ಎಲ್ಲ ಕ್ಯಾಟಲಿಟಿಕ್ ಕನ್ವರ್ಟರುಗಳು, ಹಿಂದಿನ ಆಮ್ಲಜನಕ ಸೆನ್ಸರ್, ಪೆಟ್ರೋಲ್ ಟ್ಯಾಂಕಿನ ಆವಿ ಹಿಡಿಯುವ ವ್ಯವಸ್ಥೆ ಇವೆಲ್ಲ ದಾನಿಯಲ್ಲಿದ್ದಂತೆ ಕೆಲಸ ಮಾಡುತ್ತಿರಬೇಕು. ಬಳಿಕ ರಾಜ್ಯ ಗೊತ್ತುಪಡಿಸಿದ ರೆಫರಿಯ ಬಳಿ ಒಯ್ದು ತೋರಿಸಬೇಕು, ಅವರು ಒಪ್ಪಿ ಅಂಟಿಸುವ ಲೇಬಲ್ ಇದ್ದರೆ ಮುಂದಿನ ಹೊಗೆ ತಪಾಸಣೆಗಳು ಸಲೀಸು.

ಶನಿವಾರಕ್ಕೆ ಅವಸರ ಬೇಡ. ತಿಂಗಳುಗಟ್ಟಲೆ ನಿಂತ ಟರ್ಬೊವಿನ ಬೇರಿಂಗಿನಲ್ಲಿ ಆಯಿಲ್ ಇರುವುದಿಲ್ಲ, ಒಣಗಿದ ಬೇರಿಂಗ್ ಮೇಲೆ ಎಂಜಿನ್ ಒಮ್ಮೆ ಜೋರಾಗಿ ಎದ್ದರೆ ನಿಮ್ಮ ಶ್ರಮಕ್ಕೆ ಕಲ್ಲು ಬಿದ್ದಂತೆ. ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿ, ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕ್ರ್ಯಾಂಕ್ ಸೆನ್ಸರಿನ ಕನೆಕ್ಟರನ್ನು ಬಿಚ್ಚಿಡಿ; ಆಗ ಕಿಡಿಯೂ ಬರದು, ಪೆಟ್ರೋಲೂ ಬರದು. ಹತ್ತು ಸೆಕೆಂಡಿನಂತೆ ಸ್ಟಾರ್ಟರ್ ತಿರುಗಿಸಿ, ನಡುವೆ ಒಂದೊಂದು ನಿಮಿಷ ಬಿಡಿ. ಮೀಟರಿನಲ್ಲಿ ಆಯಿಲ್ ದೀಪ ಆರಿದ ಮೇಲೂ ಇನ್ನೆರಡು ಸಲ ತಿರುಗಿಸಿ. ಪಕ್ಕದಲ್ಲಿ ಬೆಂಕಿ ಆರಿಸುವ ಡಬ್ಬಿ ಇರಲಿ, ಇನ್ನೊಬ್ಬರು ಬಾನೆಟ್ಟಿನ ಬಳಿ ನಿಂತು ಪೆಟ್ರೋಲು ಪೈಪಿನ ಜೋಡಣೆಗಳನ್ನೇ ನೋಡುತ್ತಿರಲಿ. ಆಮೇಲೆ ಕನೆಕ್ಟರನ್ನು ಹಾಕಿ ಕೀಲಿ ತಿರುಗಿಸಿ. ಹೊತ್ತಿಕೊಂಡ ಮೇಲೆ ಆಕ್ಸಿಲರೇಟರ್ ಮುಟ್ಟಬೇಡಿ. ಫ್ಯಾನು ತಾನಾಗಿ ತಿರುಗುವಷ್ಟು ಬಿಸಿಯಾಗುವವರೆಗೆ ಸುಮ್ಮನೆ ಓಡಲು ಬಿಟ್ಟು, ಆರಿಸಿ, ತಣ್ಣಗಾದ ಬಳಿಕ ಆಯಿಲ್ ಮತ್ತು ನೀರಿನ ಮಟ್ಟವನ್ನು ಮತ್ತೆ ನೋಡಿ.